ಭುಜ ಇಳಿಸಿ

ಓದು ನಿಲ್ಲಿಸಬೇಡಿ. ಕಣ್ಣು ಸಾಲಿನ ಮೇಲಿರುವಾಗಲೇ ಒಮ್ಮೆ ಗಮನಿಸಿ, ನಿಮ್ಮ ಭುಜಗಳು ಈಗ ಎಲ್ಲಿವೆ? ಇರಬೇಕಾದ ಜಾಗಕ್ಕಿಂತ ಒಂದೆರಡು ಬೆರಳು ಮೇಲೇ ಇರಬೇಕು ಎಂದು ನನ್ನ ಊಹೆ. ಅವನ್ನು ಎತ್ತು ಎಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಯಾವುದೋ ಮೆಸೇಜು ಓದುವಾಗ ಏರಿದ್ದು, ಇಳಿಯಲು ಮರೆತು ಅಲ್ಲೇ ಕೂತಿವೆ. ಹಲ್ಲುಗಳದೂ ಅದೇ ಕಥೆ. ಬಾಯಿ ಮುಚ್ಚಿಕೊಂಡು ಸುಮ್ಮನಿರುವಾಗ ತುಟಿಗೆ ತುಟಿ ತಾಗಿರಬಹುದೇ ಹೊರತು ಹಲ್ಲಿಗೆ ಹಲ್ಲು ತಾಗಬೇಕಿಲ್ಲ. ಮೇಲಿನ ಸಾಲೂ ಕೆಳಗಿನ ಸಾಲೂ ಅಗಿಯುವಾಗ, ನುಂಗುವಾಗ ಭೇಟಿಯಾದರೆ ಸಾಕು. ನಾವಾದರೋ ಅಗಿಯಲು ಏನೂ ಇಲ್ಲದೆಯೂ ದವಡೆ ಬಿಗಿಹಿಡಿದು ಕಂಪ್ಯೂಟರಿನ ಮುಂದೆ ಕೂತಿರುತ್ತೇವೆ. ಹುಬ್ಬು ಗಂಟಿಕ್ಕಿರುತ್ತದೆ. ಕಾಲ್ಬೆರಳುಗಳು ಒಳಗೊಳಗೇ ಮುದುಡಿರುತ್ತವೆ. ಆ ಹೊತ್ತಿಗೆ ಯಾರಾದರೂ ‘ಹೇಗಿದ್ದೀರಿ?’ ಎಂದರೆ ‘ಆರಾಮ’ ಎಂದುಬಿಡುತ್ತೇವೆ.

‘ಟೆನ್ಷನ್ ಮಾಡ್ಕೋಬೇಡ’ ಎಂದು ಹೇಳುವವರಿಗೆ ಈ ಲೋಕದಲ್ಲಿ ಬರವಿಲ್ಲ. ಇದರಷ್ಟು ಟೆನ್ಷನ್ ತರುವ ಮಾತು ಮತ್ತೊಂದು ಇದೆಯೋ ಇಲ್ಲವೋ. ಮೊದಲು ಒಂದೇ ಚಿಂತೆಯಿತ್ತು. ಈಗ ಚಿಂತೆ ಮಾಡುತ್ತಿದ್ದೇನಲ್ಲಾ ಎಂಬ ಎರಡನೆಯ ಚಿಂತೆಯೂ ಬಂದು ಸೇರಿತು. ಮನಸ್ಸಿಗೆ ಸುಮ್ಮನಿರು ಎಂದು ಅಪ್ಪಣೆ ಕೊಡುವುದೂ ಅದೇ ಮನಸ್ಸೇ ಆದ್ದರಿಂದ ಅಲ್ಲಿ ಕೇಳುವವರು ಯಾರೂ ಇರುವುದಿಲ್ಲ. ಭುಜ ಹಾಗಲ್ಲ. ಇಳಿ ಎಂದರೆ ಇಳಿಯುತ್ತದೆ. ಎರಡು ನಿಮಿಷಕ್ಕೆ ಮತ್ತೆ ಏರಬಹುದು, ಏರಲಿ, ಮತ್ತೆ ಹೇಳಿದರಾಯಿತು. ಅದಕ್ಕೆ ಬೇಸರವಿಲ್ಲ, ವಾದವಿಲ್ಲ, ‘ನಿನಗೇನು ಗೊತ್ತು ನನ್ನ ಕಷ್ಟ’ ಎಂಬ ತಿರುಗುತ್ತರವಿಲ್ಲ.

ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು ಈ ಸಣ್ಣ ಸಂಗತಿಯ ಬೆನ್ನು ಹತ್ತಿ ದಶಕಗಳನ್ನೇ ಕಳೆದರು, 1929ರಲ್ಲಿ ಅದರ ಮೇಲೆ ದಪ್ಪನೆಯ ಪುಸ್ತಕವನ್ನೂ ಬರೆದರು. ಅವರಿಂದ ಬಂದ ಉಪಾಯ ಈಗ ಎಲ್ಲೆಡೆ ಚಾಲ್ತಿಯಲ್ಲಿರುವ ರೂಪದಲ್ಲಿ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ: ಸಡಿಲಿಸಬೇಕಾದ ಅಂಗವನ್ನು ಮೊದಲು ಬೇಕೆಂದೇ ಬಿಗಿಮಾಡಿ, ಕೆಲವು ಕ್ಷಣ ಹಾಗೇ ಹಿಡಿದಿದ್ದು, ಆಮೇಲೆ ಬಿಟ್ಟುಬಿಡಿ. ಮುಷ್ಟಿ ಕಟ್ಟಿ ಬಿಡುವುದು, ಭುಜವನ್ನು ಕಿವಿಯವರೆಗೆ ಎತ್ತಿ ಇಳಿಸುವುದು, ಮುಖವನ್ನು ಕಹಿ ಮದ್ದು ನುಂಗಿದ ಹಾಗೆ ಕಿವುಚಿ ಸಡಿಲಿಸುವುದು. ಕೊನೆಯದನ್ನು ಯಾರೂ ಇಲ್ಲದಾಗ ಮಾಡುವುದು ಕ್ಷೇಮ. ಬಿಗಿ ಯಾವುದು, ಸಡಿಲ ಯಾವುದು ಎಂಬ ವ್ಯತ್ಯಾಸವೇ ನಮಗೆ ಮರೆತುಹೋಗಿರುವುದರಿಂದ ಅದನ್ನು ಮೈಗೆ ಹೀಗೆ ನೆನಪಿಸಬೇಕಾಗುತ್ತದೆ.

ಇಷ್ಟು ಸುಲಭದ ಕೆಲಸದಿಂದ ಒಳಗಿನ ಗೊಂದಲ ಇಳಿಯುವುದುಂಟೇ ಎಂಬ ಅನುಮಾನ ನನಗೂ ಇತ್ತು. ಅದನ್ನು ಕಳೆದದ್ದು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯ ಇಲಿಗಳು. 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರದಲ್ಲಿ ಸೆಲ್ಯೆ ತಾನು ಕಂಡದ್ದನ್ನು ಹೇಳಿದ್ದರು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ವಿಪರೀತ ದಣಿಸಿದರೂ, ಯಾವ್ಯಾವುದೋ ಔಷಧ ಕೊಟ್ಟರೂ ಅವುಗಳ ಮೈ ಕೊಟ್ಟ ಉತ್ತರ ಹೆಚ್ಚುಕಡಿಮೆ ಒಂದೇ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಊದಿಕೊಂಡಿತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಪಾಪ, ಇಲಿಗಳು. ಆದರೆ ಅಲ್ಲಿ ನನಗೆ ಸಿಕ್ಕ ಸಮಾಧಾನವೂ ಒಂದಿದೆ. ಬಿಗಿಯುವಾಗ ಮೈ ಕಾರಣದ ನ್ಯಾಯ–ಅನ್ಯಾಯ ವಿಚಾರಿಸುವುದಿಲ್ಲ. ಸಾಲದ ಕಂತಿಗೂ, ಸಿಗದ ಕೀಲಿಕೈಗೂ, ಮೇಲಧಿಕಾರಿಯ ‘ಒಂದ್ನಿಮಿಷ ಬಂದು ಹೋಗಿ’ಗೂ ಅದರ ಬಳಿ ಇರುವುದು ಒಂದೇ ಬಿಗಿ. ಕಾರಣ ಕೇಳದೆ ಬಿಗಿಯುವ ಮೈ ಕಾರಣ ಕೇಳದೆಯೇ ಸಡಿಲಲೂಬಹುದಲ್ಲ? ಸಾಲ ತೀರುವವರೆಗೆ ಭುಜ ಮೇಲೇ ಇರಬೇಕೆಂಬ ಕರಾರನ್ನು ಸಾಲ ಕೊಟ್ಟವರೂ ಹಾಕಿಲ್ಲ.

ಇನ್ನು ನಿಟ್ಟುಸಿರು. ಇದಕ್ಕೆ ಸಮಾಜದಲ್ಲಿ ಒಳ್ಳೆಯ ಹೆಸರಿಲ್ಲ. ಮನೆಯಲ್ಲಿ ಒಂದು ನಿಟ್ಟುಸಿರು ಬಿಟ್ಟು ನೋಡಿ, ‘ಯಾಕೆ, ಏನಾಯ್ತು?’ ಎಂದು ಒಳಕೋಣೆಯಿಂದ ಪ್ರಶ್ನೆ ಬರುತ್ತದೆ. ‘ಏನಿಲ್ಲ’ ಎಂದರೆ ಯಾರೂ ನಂಬುವುದಿಲ್ಲ. ನಂಬದವರಿಗೆ ಒಪ್ಪಿಸಲು ಹೋಗಿ ನಿಜವಾಗಿಯೂ ನಿಟ್ಟುಸಿರು ಬಿಡುವ ಸಂದರ್ಭ ಬಂದುಬಿಡುತ್ತದೆ. ಮೀಟಿಂಗಿನಲ್ಲಿ ಬಿಟ್ಟರಂತೂ ಅದು ಪ್ರತಿಭಟನೆಯ ಲೆಕ್ಕ. ಪಾಪದ ನಿಟ್ಟುಸಿರು ಮಾಡಿದ ತಪ್ಪೇನು? ನಾವು ಗಮನಿಸದಿದ್ದರೂ ಹೆಚ್ಚುಕಡಿಮೆ ಐದು ನಿಮಿಷಕ್ಕೊಮ್ಮೆ ನಮ್ಮೆಲ್ಲರಿಂದಲೂ ಅದು ಹೊರಬೀಳುತ್ತಲೇ ಇರುತ್ತದೆ, ಸುಖದಲ್ಲಿರುವವರಿಂದಲೂ. ಶ್ವಾಸಕೋಶದಲ್ಲಿ 30ರಿಂದ 50 ಕೋಟಿಯಷ್ಟು ಪುಟ್ಟ ಗಾಳಿಗೂಡುಗಳಿವೆ. ಸಾಧಾರಣ ಉಸಿರಾಟದಲ್ಲಿ ಅವುಗಳಲ್ಲಿ ಕೆಲವು ಆಗಾಗ ಮುದುಡಿಕೊಳ್ಳುತ್ತವೆ. ಒಂದು ಉಸಿರಿನ ಮೇಲೆ ಇನ್ನೊಂದು ಉಸಿರೆಳೆದಂಥ ಈ ದೊಡ್ಡ ಉಸಿರು ಅವನ್ನು ಮತ್ತೆ ಬಿಡಿಸುತ್ತದೆ. 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮಿದುಳುಕಾಂಡದಲ್ಲಿ ಇದರ ಸ್ವಿಚ್ಚನ್ನೇ ಪತ್ತೆ ಮಾಡಿದರು. ಕೆಲವೇ ನೂರು ನರಕೋಶಗಳು, ಅವುಗಳ ಕಸುಬೇ ನಿಟ್ಟುಸಿರು ಬಿಡಿಸುವುದು. ಆ ಕೋಶಗಳ ಪಾಲಿಗೆ ಇದು ಶೋಕವಲ್ಲ, ದಿನಗೂಲಿ.

ತಾನಾಗಿ ಬರುವುದನ್ನು ಬೇಕೆಂದೇ ತಂದುಕೊಂಡರೂ ನಡೆಯುತ್ತದೆ ಎನ್ನುವುದು ಇದರ ಸೊಗಸು. ಹೃದಯದ ಬಡಿತವನ್ನು ನೇರವಾಗಿ ನಿಧಾನಿಸು ಎಂದರೆ ಯಾರಿಗೂ ಸಾಧ್ಯವಿಲ್ಲ. ಆದರೆ ಉಸಿರೆಳೆದಾಗ ಅದು ಚೂರು ವೇಗವಾಗುತ್ತದೆ, ಬಿಟ್ಟಾಗ ಚೂರು ನಿಧಾನವಾಗುತ್ತದೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿದುಹೋಗುವ ವೇಗಸ್ ನರದ ಕೆಲಸ ಅದು. ಹಾಗಾಗಿ ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದವಾದರೆ ನಿಧಾನದ ಪಾಲು ಹೆಚ್ಚಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಜನ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಕೆಲವು ಬಗೆಯ ಉಸಿರಾಟವನ್ನೋ ಧ್ಯಾನವನ್ನೋ ಮಾಡಿದರು. ಆತಂಕ ಎಲ್ಲ ಗುಂಪುಗಳಲ್ಲೂ ಇಳಿಯಿತು. ಮನಸ್ಸಿನ ಲವಲವಿಕೆ ಹೆಚ್ಚಿದ ಲೆಕ್ಕದಲ್ಲಿ ಮುಂದೆ ಬಂದವರು ನಿಟ್ಟುಸಿರಿನವರು. ಮೂಗಿನಿಂದ ಎಳೆದು, ಇನ್ನು ಜಾಗವಿಲ್ಲ ಎನಿಸಿದಾಗ ಇನ್ನೊಂದಿಷ್ಟು ಎಳೆದು, ಬಾಯಿಂದ ನಿಧಾನವಾಗಿ ಬಿಡುತ್ತಾ ಹೋಗುವುದು, ಅಷ್ಟೆ. ಕೂತಲ್ಲೇ ಆಗುತ್ತದೆ, ಕ್ಯೂನಲ್ಲಿ ನಿಂತೂ ಆಗುತ್ತದೆ. ಮುಂದಿರುವವರ ಕತ್ತಿನ ಮೇಲೆ ಬಿಡಬಾರದು ಎಂಬುದೊಂದೇ ನಿಯಮ.

ಅಕ್ಕನ ದಾರಿ ಬೇರೆ. ಯಾರ ಮೇಲಾದರೂ ಸಿಟ್ಟು ಬಂದರೆ ಅವಳು ಹೋಗಿ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂರುತ್ತಾಳೆ. ಮೊದಲ ನಾಲ್ಕೈದು ಬಟ್ಟೆಗಳ ಗತಿ ನೋಡುವಂತಿಲ್ಲ, ಏಟು ತಿಂದಂತೆ ಮಡಿಚಿಕೊಳ್ಳುತ್ತವೆ. ಆಮೇಲಾಮೇಲೆ ಕೈ ಮೆದುವಾಗುತ್ತದೆ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸುಕ್ಕು ಸವರಿ, ತೋಳು ಒಳಗೆ ಮಡಿಸಿ ಇಡುತ್ತಾಳೆ. ರಾಶಿ ಮುಗಿಯುವ ಹೊತ್ತಿಗೆ ಜಗಳದ ಅರ್ಧ ಮಾತು ಮರೆತಿರುತ್ತದೆ. ‘ಅಕ್ಕಾ, ಇದೇನು ನಿನ್ನ ಧ್ಯಾನವಾ?’ ಎಂದು ಕೆಣಕಿದ್ದಕ್ಕೆ, ‘ಧ್ಯಾನ ಮಾಡಿದ್ರೆ ಕಪಾಟು ತುಂಬುತ್ತೇನೋ?’ ಎಂದಳು.

ಅವಳಿಗೆ ಗೊತ್ತಿಲ್ಲದಿದ್ದರೂ ಅವಳ ಪಕ್ಷದಲ್ಲಿ ಸಂಶೋಧಕರಿದ್ದಾರೆ. 2015ರ ಸುಮಾರಿಗೆ ಅಮೆರಿಕದಲ್ಲಿ 51 ವಿದ್ಯಾರ್ಥಿಗಳಿಗೆ ಪಾತ್ರೆ ತೊಳೆಯಲು ಕೊಟ್ಟರು. ಸೋಪಿನ ವಾಸನೆ, ನೀರಿನ ಬಿಸುಪು, ಕೈಗೆ ತಾಗುವ ಪಾತ್ರೆಯ ನಯ ಇವುಗಳ ಮೇಲೇ ಗಮನವಿಟ್ಟು ತೊಳೆದವರ ತಳಮಳ ಕಡಿಮೆಯಾಯಿತು. ಸುಮ್ಮನೆ ತೊಳೆದು ಮುಗಿಸಿದವರಿಗೆ ಅಂಥ ಲಾಭ ಕಾಣಲಿಲ್ಲ. ಈ ವಿಷಯವನ್ನು ಮನೆಯಲ್ಲಿ ಬಾಯಿಬಿಡುವ ಮುನ್ನ ಎರಡು ಸಲ ಯೋಚಿಸಿ. ನಿಮ್ಮ ನೆಮ್ಮದಿಗಾಗಿ ಎಲ್ಲರೂ ತಮ್ಮ ತಟ್ಟೆಗಳನ್ನು ಉದಾರವಾಗಿ ಬಿಟ್ಟುಕೊಡುವ ಅಪಾಯವಿದೆ.

ಹಗಲೆಲ್ಲ ಹೀಗೆ ಏನಾದರೂ ಮಾಡಿ ತಳ್ಳಬಹುದು. ರಾತ್ರಿಯ ಮಾತು ಬೇರೆ. ದೀಪ ಆರಿಸಿದ ಕೂಡಲೇ ನೆನಪಿನ ಕಚೇರಿ ಬಾಗಿಲು ತೆರೆಯುತ್ತದೆ. ಕಟ್ಟದ ಬಿಲ್ಲು, ಮಾಡದ ಫೋನು, ಉತ್ತರಿಸದ ಪತ್ರ ಒಂದೊಂದಾಗಿ ಬಂದು ನಿಲ್ಲುತ್ತವೆ. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿ ಬರೆದಿದ್ದರು. ಅದರ ಮೇಲೆ ಆಮೇಲೆ ಬೇಕಾದಷ್ಟು ತಕರಾರು ಎದ್ದಿದೆ. ತಕರಾರು ಎತ್ತಿದವರು ಚೆನ್ನಾಗಿ ನಿದ್ದೆ ಮಾಡುವವರಿರಬೇಕು. ಇದಕ್ಕೆ ನನಗೆ ಹಿಡಿಸಿದ ಮದ್ದು ಒಂದು ಕಾಗದದ ಚೂರು. ಮಲಗುವ ಮುಂಚೆ ನಾಳೆ ಮಾಡಬೇಕಾದ್ದನ್ನು ಅದರಲ್ಲಿ ಬರೆದಿಡುವುದು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 57 ಜನ ನಿದ್ದೆಯ ಪ್ರಯೋಗಾಲಯದಲ್ಲಿ ಮಲಗುವ ಮುನ್ನ ಐದು ನಿಮಿಷ ಬರೆದರು. ಅರ್ಧ ಜನ ಮುಂದಿನ ದಿನಗಳ ಕೆಲಸ ಬರೆದರೆ ಉಳಿದವರು ಮಾಡಿ ಮುಗಿಸಿದ್ದನ್ನು ಬರೆದರು. ಸಾಧನೆ ಬರೆದವರಿಗೇ ಬೇಗ ನಿದ್ದೆ ಬರಬೇಕು ಎಂದುಕೊಂಡರೆ ತಪ್ಪು. ಬಾಕಿ ಕೆಲಸ ಬರೆದವರು ಸುಮಾರು 9 ನಿಮಿಷ ಮೊದಲೇ ನಿದ್ದೆಹೋದರು, ಅದರಲ್ಲೂ ವಿವರವಾಗಿ ಬರೆದವರು ಇನ್ನೂ ಬೇಗ.

ಅಕ್ಷರ ಮಾತ್ರ ಓದುವಂತಿರಲಿ. ವೇಗಸ್ ನರ ಹೃದಯವನ್ನು ನಿಧಾನಿಸುವುದು ಒಂದು ರಾಸಾಯನಿಕದ ಮೂಲಕ ಎಂದು ಕಪ್ಪೆಯ ಹೃದಯಗಳನ್ನಿಟ್ಟುಕೊಂಡು 1921ರಲ್ಲಿ ತೋರಿಸಿದ ಆಟೋ ಲೋವಿ, ಆ ಪ್ರಯೋಗ ತನಗೆ ಕನಸಿನಲ್ಲಿ ಹೊಳೆದದ್ದೆಂದು ಹೇಳಿಕೊಂಡಿದ್ದಾರೆ. ನಡುರಾತ್ರಿ ಎದ್ದು ಗೀಚಿಟ್ಟರಂತೆ, ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲು ಬರಲಿಲ್ಲವಂತೆ. ಪುಣ್ಯಕ್ಕೆ ಮರುರಾತ್ರಿ ಕನಸು ಮತ್ತೆ ಬಿತ್ತು. ಈ ಸಲ ಬರೆಯುವ ಗೋಜಿಗೆ ಹೋಗದೆ ನೇರ ಪ್ರಯೋಗಾಲಯಕ್ಕೇ ನಡೆದರು. 1936ರಲ್ಲಿ ನೊಬೆಲ್ ಬಂತು. ನಮ್ಮ ವಿದ್ಯುತ್ ಬಿಲ್ಲು ಎರಡನೆಯ ಸಲ ಕನಸಿಗೆ ಬಂದರೆ ಅಂಥ ಲಾಭವೇನಿಲ್ಲ.

ಕಿಟಕಿಯಾಚೆ ಒಂದು ಮರವಿದ್ದರೆ ಅದನ್ನು ನೋಡುವುದೂ ಒಳ್ಳೆಯದು. ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಮರ ಕಾಣುತ್ತಿದ್ದವರಿಗೆ ಕಟುವಾದ ನೋವಿನ ಮದ್ದು ಕಡಿಮೆ ಸಾಕಾಯಿತು, ಅವರು ತುಸು ಬೇಗ ಮನೆಗೂ ಹೋದರು ಎಂದು ರೋಜರ್ ಉಲ್ರಿಚ್ 1984ರಲ್ಲಿ ಬರೆದಿದ್ದರು. ಇದ್ದದ್ದು 23 ಜೋಡಿ ರೋಗಿಗಳಷ್ಟೆ, ಹಾಗಾಗಿ ಮರದ ಮೇಲೆ ಪೂರ್ತಿ ಭಾರ ಹಾಕಬೇಡಿ. ಭುಜ, ಉಸಿರು, ಬಟ್ಟೆ, ಕಾಗದ ಇವೆಲ್ಲ ದಿನದ ಧೂಳು ಕೊಡವಲು. ವಾರಗಟ್ಟಲೆ ನಿದ್ದೆ ಬಾರದೆ, ಯಾವುದೂ ಬೇಡವೆನಿಸತೊಡಗಿದರೆ ಬಟ್ಟೆ ಮಡಿಚುತ್ತಾ ಕೂರದೆ ವೈದ್ಯರ ಬಳಿ ಹೋಗಬೇಕು.

ನನಗೆ ಸಂಶಯವಿರುವುದು ಒಂದರ ಮೇಲೆ: ನೆಮ್ಮದಿಗೂ ಹಾಜರಿ ಹಾಕುವ ಈಚಿನ ಶ್ರದ್ಧೆಯ ಮೇಲೆ. ಉಸಿರಾಟಕ್ಕೊಂದು ಆ್ಯಪು, ನೀರು ಕುಡಿಯಲೊಂದು ಆ್ಯಪು, ಸತತ ಇಷ್ಟು ದಿನ ಮಾಡಿದ್ದಕ್ಕೆ ಒಂದು ಪದಕ, ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ. ಅಭ್ಯಾಸ ಕೂಡಿಬರುವ ಬಗೆಯನ್ನು ಲಂಡನ್ನಿನಲ್ಲಿ 96 ಜನರ ಮೇಲೆ ನೋಡಿದ್ದರು. ವರದಿ ಬಂದದ್ದು 2010ರ ಹೊತ್ತಿಗೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಜನಪ್ರಿಯ ಮಾತು ಅಲ್ಲಿ ನಿಲ್ಲಲಿಲ್ಲ. ಅವರ ಅಂದಾಜಿನಲ್ಲಿ ನಡುಮಟ್ಟ 66 ದಿನ, ಆದರೆ ಒಬ್ಬರಿಗೆ 18 ಆದರೆ ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿಸಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಸೊನ್ನೆ ತೋರಿಸಿ ಹೆದರಿಸುವುದು ಆ್ಯಪು ಮಾತ್ರ. ಮೈ ಅಷ್ಟು ಜಿಪುಣ ಲೆಕ್ಕಿಗನಲ್ಲ.

ನನ್ನ ಗೆಳೆಯನೊಬ್ಬನ ಕೈಗಡಿಯಾರ ಅವನ ಒತ್ತಡವನ್ನು ಅಳೆಯುತ್ತದೆ. ಅವನು ಯಾರೊಡನೆಯಾದರೂ ವಾದಕ್ಕಿಳಿದಿರುವಾಗ ಸರಿಯಾಗಿ ನಡುಗಿ, ‘ಒತ್ತಡ ಹೆಚ್ಚಿದೆ, ಈಗ ಉಸಿರಾಡಿ’ ಎನ್ನುತ್ತದೆ. ಅದನ್ನು ಓದಿ ಅವನಿಗೆ ಗಡಿಯಾರದ ಮೇಲೂ ಸಿಟ್ಟು ಬರುತ್ತದೆ, ಅಂಕೆ ಇನ್ನಷ್ಟು ಏರುತ್ತದೆ. ಈಚೆಗೆ ಸಂಜೆ ವಾಕಿಂಗಿಗೆ ಹೊರಡುವಾಗ ಅವನು ಅದನ್ನು ಬಿಚ್ಚಿ ಮೇಜಿನ ಡ್ರಾಯರಿನಲ್ಲಿಟ್ಟು ಹೋಗುತ್ತಾನೆ. ವಾಪಸು ಬಂದು ಕೈಗೆ ಕಟ್ಟಿಕೊಂಡರೆ, ಇಡೀ ಸಂಜೆ ನೀವು ಕೂತಲ್ಲೇ ಕೂತಿದ್ದೀರಿ, ಈಗಲಾದರೂ ಎದ್ದು ನಾಲ್ಕು ಹೆಜ್ಜೆ ಹಾಕಿ ಎಂದು ಬೇಜಾರು ಮಾಡಿಕೊಂಡಿರುತ್ತದಂತೆ.

‘ನೀನೇನು ಮಾಡ್ತೀಯಾ ಆಗ?’ ಎಂದು ಕೇಳಿದೆ.

‘ಏನ್ ಮಾಡ್ಲಿ? ಹೌದಪ್ಪಾ, ಕೂತಿದ್ದೆ ಅಂತ ಒಪ್ಕೊಂಡು ಊಟಕ್ಕೆ ಹೋಗ್ತೀನಿ’ ಎಂದ.