ಆನೆಗೂ ದಕ್ಕದ ಹೆರಿಗೆ ವಿಮೆ

ಕಾಳುಮೆಣಸಿನ ಬಳ್ಳಿ ನೆಟ್ಟವನು ಫಸಲು ಕಾಣಲು ಮೂರನೆಯ ವರ್ಷದವರೆಗೆ ಕಾಯುತ್ತಾನೆ. ಕಾಫಿ ಗಿಡವೂ ಹೆಚ್ಚು ಕಡಿಮೆ ಅಷ್ಟೇ ಕಾಲ ಕಾಯಿಸುತ್ತದೆ. ಆದ್ದರಿಂದ ಕಾಯುವ ವಿದ್ಯೆಯನ್ನು ಕೊಡಗಿನವರಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಬಸುರಿ ತಂಗಿಯನ್ನು ಕರೆದುಕೊಂಡು, ನಮ್ಮ ಕೈಗೆಟಕುವ ಆರೋಗ್ಯ ವಿಮೆಯೊಂದನ್ನು ಹುಡುಕುತ್ತಾ ಗೋಣಿಕೊಪ್ಪದ ಏಜೆಂಟರೊಬ್ಬರ ಮುಂದೆ ಕುಳಿತ ದಿನ ಆ ನಂಬಿಕೆ ಹೋಯಿತು.

ಏಜೆಂಟರು ಸಜ್ಜನರು. ಕಾಫಿ ತರಿಸಿದರು, "ಸಂತೋಷದ ಸುದ್ದಿ ಮೇಡಂ" ಎಂದರು, ಅದೇ ಉಸಿರಿನಲ್ಲಿ "ಸ್ವಲ್ಪ ತಡವಾಗಿ ಬಂದಿರಿ" ಎಂದೂ ಸೇರಿಸಿದರು. ಎಷ್ಟು ತಡ ಎಂದು ಕೇಳಿದರೆ, ಎರಡು ವರ್ಷ ಎಂಬ ಉತ್ತರ ಬಂತು. ತಂಗಿಯ ಮದುವೆಯಾಗಿಯೇ ಇನ್ನೂ ಹದಿನಾಲ್ಕು ತಿಂಗಳು.

ವಿಷಯ ಹೀಗಿದೆ. ಹೆರಿಗೆ ವೆಚ್ಚವನ್ನು ಭರಿಸುವ ಪಾಲಿಸಿಗಳು ಇಲ್ಲವೆಂದಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಎರಡರಿಂದ ನಾಲ್ಕು ವರ್ಷಗಳ ವೇಟಿಂಗ್ ಪೀರಿಯಡ್ ಇರುತ್ತದೆ, ಅಷ್ಟು ಕಾಲ ಪ್ರೀಮಿಯಂ ಕಟ್ಟಿದ ಮೇಲೆ ಆಗುವ ಹೆರಿಗೆಗೆ ಮಾತ್ರ ಹಣ ಸಿಗುತ್ತದೆ. ಮನುಷ್ಯರ ಗರ್ಭ ಒಂಬತ್ತು ತಿಂಗಳಿನದೆಂಬುದು ವಿಮಾ ಕಂಪನಿಗಳಿಗೆ ತಿಳಿಯದ ಸಂಗತಿಯಲ್ಲ. ಈ ನಿಯಮವನ್ನು ಅವರು ಬಹುಶಃ ದುಬಾರೆಯ ಆನೆ ಶಿಬಿರವನ್ನು ನೋಡಿಕೊಂಡು ಬಂದು ಬರೆದಿರಬೇಕು ಎಂದು ನನಗೆ ಅನ್ನಿಸಿತು. ಆದರೆ ಲೆಕ್ಕ ಹಾಕಿದಾಗ ಅದೂ ಸರಿಹೋಗಲಿಲ್ಲ: ಆನೆಯ ಗರ್ಭಾವಧಿ ಸುಮಾರು 22 ತಿಂಗಳು. ಗರ್ಭ ಕಟ್ಟಿದ ದಿನವೇ ಆನೆಯೊಂದು ಕಾವೇರಿ ದಾಟಿ ಬಂದು ಅರ್ಜಿಗೆ ಸಹಿ ಹಾಕಿದರೂ, 24 ತಿಂಗಳ ಷರತ್ತಿನ ಪ್ರಕಾರ ಅದರ ಕ್ಲೈಮ್ ತಿರಸ್ಕೃತವಾಗುತ್ತದೆ.

ಅರ್ಜಿಯಲ್ಲಿ "ನೀವು ಈಗ ಗರ್ಭಿಣಿಯೇ, ಹೌದಾದರೆ ಎಷ್ಟು ವಾರ" ಎಂಬ ಪ್ರಶ್ನೆಯಿತ್ತು. ತಂಗಿ ಸತ್ಯವಾದಿ, 13 ಎಂದು ಬರೆದಳು. ಹಾಗೆ ಬರೆದವರ ಅರ್ಜಿಯನ್ನು ಹೆರಿಗೆಯ ನಂತರಕ್ಕೆ ಮುಂದೂಡುತ್ತಾರಂತೆ. "ಹೊತ್ತಿ ಉರಿಯುವ ಮನೆಗೆ ಯಾರಾದರೂ ಬೆಂಕಿ ವಿಮೆ ಕೊಡುತ್ತಾರೆಯೇ, ನೀವೇ ಹೇಳಿ" ಎಂದು ಏಜೆಂಟರು ನನ್ನನ್ನು ಕೇಳಿದರು. ತಂಗಿ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು, ಹೊಗೆಯೇನೂ ಕಾಣಲಿಲ್ಲ. ವಿಮೆಯ ವ್ಯಾಪಾರದ ದೃಷ್ಟಿಯಿಂದ ಅವರ ಮಾತು ತಪ್ಪಲ್ಲವೆಂದು ಒಪ್ಪುತ್ತೇನೆ. ಆದರೆ ಬೇಕಾದಾಗ ಸಿಗದ, ಸಿಗುವಾಗ ಬೇಡವಾದ ವಸ್ತುವಿನ ಜಾಹೀರಾತಿನಲ್ಲಿ ನಗುವ ಬಸುರಿಯ ಚಿತ್ರವನ್ನೇ ಏಕೆ ಹಾಕುತ್ತಾರೆಂಬುದು ನನಗೆ ಅರ್ಥವಾಗಿಲ್ಲ.

ಹೆರಿಗೆಯ ಪ್ರಯೋಜನವಿಲ್ಲದ ಸಾಮಾನ್ಯ ಪಾಲಿಸಿಯ ಪುಟಗಳನ್ನೂ ತಿರುವಿದೆ. ಸಿಸೇರಿಯನ್ನೂ ಸೇರಿದಂತೆ ಹೆರಿಗೆಗೆ ಸಂಬಂಧಿಸಿದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಎಲ್ಲ ಕಂಪನಿಗಳಲ್ಲಿಯೂ ಒಂದೇ ಪದಗಳಲ್ಲಿದೆ, ಅದಕ್ಕೆ 18 ಎಂಬ ಸಂಖ್ಯೆಯೂ ಇದೆ, ಜೊತೆಗೆ ಒಂದು ವಿನಾಯಿತಿಯೂ ಇದೆ: ಗರ್ಭವು ಗರ್ಭಕೋಶದಲ್ಲಿ ನಿಲ್ಲದೆ ಹೊರಗೆ ಕಟ್ಟಿಕೊಂಡರೆ ಅದರ ಚಿಕಿತ್ಸೆಗೆ ಹಣ ಸಿಗುತ್ತದೆ. ತಾಯಿಯ ಜೀವಕ್ಕೇ ಅಪಾಯ ತರುವ ಸ್ಥಿತಿ ಅದು, ವಿನಾಯಿತಿ ಇರಲೇಬೇಕು. ಆದರೆ ದಾರಿ ತಪ್ಪದೆ, ಇರಬೇಕಾದ ಜಾಗದಲ್ಲಿಯೇ ಬೆಳೆದ ಶಿಶು ಮಾತ್ರ ಪಾಲಿಸಿಯ ಹೊರಗೆ ನಿಂತುಬಿಟ್ಟಿತು.

"2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ ಮೇಡಂ, ಮೊದಲು ಶೇಕಡಾ 18 ಇತ್ತು" ಎಂದು ಏಜೆಂಟರು ಸಮಾಧಾನ ಹೇಳಿದರು. ನಮಗೆ ಮಾರದ ಪಾಲಿಸಿಯ ಮೇಲೆ ತೆರಿಗೆಯನ್ನೂ ಹಾಕದಿರುವುದು ಸರ್ಕಾರದ ದೊಡ್ಡ ಗುಣ. ದೊಡ್ಡ ಕಂಪನಿಗಳ ನೌಕರರಿಗೆ ಸಿಗುವ ಗುಂಪು ವಿಮೆಯಲ್ಲಿ ಎಷ್ಟೋ ಕಡೆ ಮೊದಲ ದಿನದಿಂದಲೇ ಹೆರಿಗೆಗೂ ರಕ್ಷಣೆ ಇರುತ್ತದೆ ಎಂಬ ದಾರಿಯನ್ನೂ ಅವರೇ ತೋರಿಸಿದರು. ಅಂದರೆ ತಂಗಿಯ ಗಂಡ ಎರಡೆಕರೆ ತೋಟಕ್ಕೆ ಬೀಗ ಹಾಕಿ, ಬೆಂಗಳೂರಿನಲ್ಲಿ ಕೆಲಸ ಹಿಡಿದು, ಆರು ತಿಂಗಳೊಳಗೆ ಹೆಂಡತಿಯ ಹೆಸರನ್ನು ಅಲ್ಲಿ ಸೇರಿಸಬೇಕು. ಕಾಫಿ ಕೊಯ್ಲನ್ನು ರಾತ್ರಿ ತೋಟಕ್ಕೆ ಬರುವ ಆನೆಗಳು ನೋಡಿಕೊಳ್ಳಬಹುದು.

ಅಲ್ಲಿಂದ ಎದ್ದು ಮನೆಗೆ ಬಂದಾಗ ಆಶಾ ಕಾರ್ಯಕರ್ತೆ ಜಗಲಿಯಲ್ಲಿ ತಾಯಿ ಕಾರ್ಡ್ ಹಿಡಿದು ಕಾದಿದ್ದರು. 2011ರಿಂದಲೂ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸರಿ, ಔಷಧ, ರಕ್ತ, ಊಟ ಮತ್ತು ಮನೆಗೆ ಮರಳುವ ವಾಹನದ ಸಮೇತ ಉಚಿತ ಎಂಬುದನ್ನು ಅವರು ನೆನಪಿಸಿದರು. ಎರಡು ವರ್ಷದ ಹಿಂದೆ ಏಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕೊನೆಯ ಮುಟ್ಟಿನ ದಿನಾಂಕವನ್ನಷ್ಟೇ ಕೇಳಿ ಬರೆದುಕೊಂಡರು.

ಮರುವಾರ ಏಜೆಂಟರ ಫೋನು ಬಂತು. ಬಾಣಂತನ ಮುಗಿದ ಕೂಡಲೇ ಪಾಲಿಸಿ ಮಾಡಿಸಿದರೆ ಎರಡನೆಯ ಮಗುವಿಗೆ ಅನುಕೂಲವಾಗುತ್ತದೆ, ಆದರೆ ವೇಟಿಂಗ್ ಪೀರಿಯಡ್ ಮುಗಿಯುವವರೆಗೆ ದಂಪತಿಗಳು ದಯವಿಟ್ಟು ಸ್ವಲ್ಪ ಎಚ್ಚರದಿಂದ ಇರಬೇಕು ಎಂದು ಬಹಳ ಗೌರವದಿಂದ ಹೇಳಿದರು. ಫೋನನ್ನು ನಾನು ತಂಗಿಯ ಗಂಡನ ಕೈಗೆ ಕೊಟ್ಟೆ.