ಬಾನೆಟ್ಟಿಗೊಂದು ಗವಾಕ್ಷಿ

ಗೋಡೆಗೆ ಒಂದು ಮೊಳೆ ಹೊಡೆಯೋಕೂ ಹತ್ತು ಸಲ ಯೋಚ್ನೆ ಮಾಡೋ ಆಸಾಮಿ ನಾನು. ಅಂಥವನು ಒಂದು ಭಾನುವಾರ ಬೆಳಿಗ್ಗೆ ತಗಡು ಕೊಯ್ಯೋ ಜಿಗ್‌ಸಾ ಮೆಷಿನ್ ಹಿಡ್ಕೊಂಡು, ಚೆನ್ನಾಗಿ ಓಡ್ತಿದ್ದ ಕಾರಿನ, ಒಂದು ಗೀರೂ ಇಲ್ಲದ ಬಾನೆಟ್ ಮುಂದೆ ನಿಂತಿದ್ದೆ ಅಂದ್ರೆ ನನಗೇ ಈಗ್ಲೂ ನಂಬಿಕೆ ಬರಲ್ಲ.

ಶುರುವಾಗಿದ್ದು ಝಳದಿಂದ. ಟ್ರಾಫಿಕ್ಕಲ್ಲಿ ತೆವಳಿ ತೆವಳಿ ಮನೆಗೆ ಬಂದು ಬಾನೆಟ್ ಎತ್ತಿದ್ರೆ ಮುಖಕ್ಕೆ ರಪ್ ಅಂತ ಹೊಡೀತಿತ್ತು, ಹುಬ್ಬು ಸುಟ್ಟ ಹಾಗೆ. ಪೆಟ್ರೋಲ್ ಎಂಜಿನ್ನಿನ ಲೆಕ್ಕಾಚಾರವೇ ಅಷ್ಟು, ಸುಟ್ಟ ಪೆಟ್ರೋಲಲ್ಲಿ ಮೂರರಲ್ಲೊಂದು ಪಾಲು ಚಕ್ರ ತಿರುಗಿಸೋಕೆ ಬಂದ್ರೆ ಪುಣ್ಯ, ಉಳಿದಿದ್ದೆಲ್ಲ ಸೈಲೆನ್ಸರ್ ಕಡೆ ಇಷ್ಟು ರೇಡಿಯೇಟರ್ ಕಡೆ ಇಷ್ಟು ಅಂತ ಬಿಸಿಯಾಗೇ ಹೋಗೋದು. ಹಾಗೆ ಹೋಗೋ ಬಿಸಿಗೆ ಸರಿಯಾದ ದಾರಿ ಇಲ್ದೆ ಬಾನೆಟ್ ಕೆಳಗೇ ಸುಳಿದಾಡ್ತಾ ಇರುತ್ತೆ, ಹೋಸ್‌ಗಳನ್ನ, ವೈರಿನ ಕವಚವನ್ನ, ಬ್ಯಾಟರಿಯನ್ನ ನಿಧಾನಕ್ಕೆ ಬೇಯಿಸ್ತಾ. ಮೇಲೆ ಎಂಜಿನ್ ಉಸಿರಾಡೋ ಗಾಳಿ ಮೂರು ಡಿಗ್ರಿ ಬಿಸಿಯಾದ್ರೆ ಅದರ ಸಾಂದ್ರತೆ ಹೆಚ್ಚುಕಮ್ಮಿ ಶೇಕಡಾ 1 ಕಮ್ಮಿ ಆಗುತ್ತೆ, ಅಷ್ಟು ಎಳೆತವೂ ಕಮ್ಮಿ.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ ಅಂತ ಸ್ಕೂಲಲ್ಲಿ ಓದಿದೀವಲ್ಲ, ಅದನ್ನೇ ನಂಬ್ಕೊಂಡು ನಾನು ಮೊದಲು ಮಾಡಿದ್ದು ಖರ್ಚೇ ಇಲ್ಲದ ಉಪಾಯ. ಬಾನೆಟ್ಟಿನ ಹಿಂದಿನ ಹಿಂಜ್‌ಗಳ ಕೆಳಗೆ ಎರಡೆರಡು ವಾಷರ್ ಕೊಟ್ಟು, ಗಾಜಿನ ಕಡೆ ಬೆರಳಗಲ ಎತ್ತಿಬಿಟ್ಟೆ. ನಿಂತಾಗ ಸಂದಿಯಿಂದ ಬಿಸಿ ಚೆನ್ನಾಗೇ ಬರ್ತಿತ್ತು, ನಾನೂ ಮೀಸೆ ತಿರುವ್ತಿದ್ದೆ. ಆದ್ರೆ ಸ್ವಲ್ಪ ಸ್ಪೀಡ್ ಹೋದ ತಕ್ಷಣ ಕಾರೊಳಗೆಲ್ಲ ಬಿಸಿ ಆಯಿಲ್ ವಾಸನೆ. "ಏನ್ರೀ, ಎಲ್ಲೋ ಏನೋ ಸುಡ್ತಿದೆ" ಅಂತ ಹೆಂಡತಿ, "ಮುಂದಿನ ಗಾಡಿದು ಕಣೇ" ಅಂತ ನಾನು. ಮುಂದೆ ಗಾಡಿನೇ ಇರ್ಲಿಲ್ಲ.

ಆಮೇಲೆ ಗೊತ್ತಾಯ್ತು, ಮುಂದಿನ ಗಾಜಿನ ಬುಡ ಅಂದ್ರೆ ಗಾಳಿ ಬಂದು ಗುದ್ದೋ ಜಾಗ, ಅಲ್ಲಿ ಒತ್ತಡ ಜಾಸ್ತಿ. ಅದಕ್ಕೇ ತಾನೇ ಕಾರಿನವರು ಒಳಗೆ ಬರೋ ತಾಜಾ ಗಾಳಿಯ ಬಾಯನ್ನ ಅಲ್ಲೇ ಇಟ್ಟಿರೋದು. ಓಡೋ ಕಾರಲ್ಲಿ ಬಿಸಿ ಮೇಲಕ್ಕೆ ಹೋಗುತ್ತೆ ಅನ್ನೋ ನಿಯಮ ನಡೆಯಲ್ಲ, ಒತ್ತಡ ಎಲ್ಲಿ ಕಮ್ಮಿಯೋ ಅಲ್ಲಿಗೆ ಹೋಗುತ್ತೆ. ನಾನು ಮಾಡಿದ ಸಂದಿ ಬಿಸಿಯನ್ನ ಹೊರಗೆ ಬಿಡೋದಿರ್ಲಿ, ಹೊರಗಿನ ಗಾಳಿಯನ್ನ ಎಂಜಿನ್ ಮೇಲೆ ತಳ್ಳಿ, ಆ ಗಬ್ಬನ್ನೆಲ್ಲ ನಮ್ಮ ಮೂಗಿಗೇ ತಂದು ಹಾಕ್ತಿತ್ತು. ವಾಷರ್ ಬಿಚ್ಚಿದೆ. ಈಗ್ಲೂ ಎಷ್ಟೋ ಜನ ಹಿಂದೆ ಎತ್ಕೊಂಡು ಓಡಾಡ್ತಾರೆ, ನೋಡೋಕೆ ಗತ್ತಾಗಿರುತ್ತೆ, ಅಷ್ಟೇ.

ಹಾಗಾದ್ರೆ ಒತ್ತಡ ಕಮ್ಮಿ ಇರೋದು ಎಲ್ಲಿ? ಇದನ್ನ ಕಂಡುಹಿಡಿಯೋ ಸಾಮಾನು ನೋಡಿದ್ರೆ ನಗು ಬರುತ್ತೆ. ಒಂದು ಉದ್ದನೆಯ ತೆಳ್ಳಗಿನ ಪಾರದರ್ಶಕ ಪೈಪು, ಅದನ್ನ ಯು ಆಕಾರಕ್ಕೆ ಬಗ್ಗಿಸಿ ಒಂದು ರಟ್ಟಿಗೆ ಕಟ್ಟಿ, ಒಳಗೆ ಶಾಯಿ ಬೆರೆಸಿದ ನೀರು. ಒಂದು ತುದಿ ಬಾನೆಟ್ ಒಳಗೆ, ಇನ್ನೊಂದು ತುದಿಯನ್ನ ಬಾನೆಟ್ ಮೇಲೆ ಟೇಪ್ ಹಾಕಿ ಅಂಟಿಸೋದು, ರಟ್ಟು ಪಕ್ಕದ ಸೀಟಲ್ಲಿ ಕೂತವರ ತೊಡೆ ಮೇಲೆ. ತೊಡೆ ನನ್ನ ತಮ್ಮಂದು. ಗಂಟೆಗೆ 60 ಕಿಲೋಮೀಟರಲ್ಲಿ ಎದುರುಗಾಳಿಯ ಪೂರ್ತಿ ಹೊಡೆತ ಅಂದ್ರೆ ಸುಮಾರು 17 ಮಿಲಿಮೀಟರ್ ನೀರಿನಷ್ಟು ಮಾತ್ರ, ಅದರಲ್ಲಿ ನಮಗೆ ಬೇಕಾದ ವ್ಯತ್ಯಾಸ ನಾಕಾರು ಮಿಲಿಮೀಟರ್, ಹಾಗಾಗಿ ತಮ್ಮ ಉಸಿರು ಬಿಗಿಹಿಡ್ಕೊಂಡು ನೀರನ್ನೇ ದಿಟ್ಟಿಸ್ತಿದ್ದ. ಗಾಜಿನ ಹತ್ರ ಅಂಟಿಸಿದಾಗ ನೀರು ಒಳಗಿನ ಕಡೆಗೆ ಸರಿದ್ರೆ, ಗ್ರಿಲ್ಲಿಂದ ಒಂದು ಗೇಣು ಹಿಂದೆ, ರೇಡಿಯೇಟರ್ ದಾಟಿದ ಜಾಗದಲ್ಲಿ ಅಂಟಿಸಿದಾಗ ಹೊರಗಿನ ಕಡೆಗೆ ಸರಸರ ಏರಿತು. "ಅಣ್ಣಾ ಹೀರ್ತಿದೆ ಅಣ್ಣಾ, ಹೀರ್ತಿದೆ!" ಅಂತ ಅವನು ಕುಣಿದ ರಭಸಕ್ಕೆ ಅರ್ಧ ಶಾಯಿ ಅವನ ಪ್ಯಾಂಟಿಗೇ ಹೋಯ್ತು.

ಅಲ್ಲೊಂದು ಗವಾಕ್ಷಿ ಅಂತ ತೀರ್ಮಾನ ಆಯ್ತು. ನಮ್ಮ ಮೆಕ್ಯಾನಿಕ್‌ನ ಕೇಳಿದ್ರೆ, "ಸಾರ್, ಕೂಲೆಂಟ್ ಕಮ್ಮಿ ಇದ್ಯಾ, ಫ್ಯಾನ್ ತಿರುಗುತ್ತಾ, ರೇಡಿಯೇಟರ್ ಕಟ್ಟಿದ್ಯಾ, ಅದೆಲ್ಲ ಮೊದಲು ನೋಡಿ, ಆಮೇಲೆ ತೂತು" ಅಂದ. ನೂರಕ್ಕೆ ನೂರು ಸತ್ಯದ ಮಾತು. ಓವರ್‌ಹೀಟ್ ಆಗೋ ಕಾಯಿಲೆಗೆ ತೂತು ಮದ್ದಲ್ಲ. ನಂದು ಎಲ್ಲ ಸರಿ ಇತ್ತು, ಹಾಗಾಗಿ ನೆಪಾನೂ ಉಳೀಲಿಲ್ಲ.

ಇಲ್ಲೊಂದು ಮಾತು, ಬಾನೆಟ್ ಮೇಲೆ ಕಾಣೋ ತೂತೆಲ್ಲ ಒಂದೇ ಅಲ್ಲ. ಸುಬಾರು ಡಬ್ಲ್ಯೂಆರ್‌ಎಕ್ಸ್ ಕಾರಿನ ಬಾನೆಟ್ ಮೇಲೆ ಬಾಯಿ ತೆಕ್ಕೊಂಡು ಕೂತಿರೋದು ಗಾಳಿಯನ್ನ ಒಳಗೆ ಇಂಟರ್‌ಕೂಲರಿಗೆ, ಅಂದ್ರೆ ಎಂಜಿನ್ ಉಸಿರಾಡೋ ಗಾಳಿಯನ್ನ ತಣ್ಣಗೆ ಮಾಡೋ ಭಾಗಕ್ಕೆ, ನುಂಗೋಕೆ. 1966ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಫೋರ್ಡ್ ಜಿಟಿ40ರ ಮೂತಿ ಮೇಲಿದ್ದ ದೊಡ್ಡ ತೆರಪುಗಳು ರೇಡಿಯೇಟರಿನ ಬಿಸಿಯನ್ನ ಉಗುಳೋಕೆ. ನಂದು ಉಗುಳೋ ಪಂಗಡ.

ಸಾಮಾನಿಗೆ ದುಡ್ಡು ಹಾಕ್ಲಿಲ್ಲ. ಹಳೇ ವೆಂಟಿಲೇಟರ್‌ದು ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು ಅಟ್ಟದಲ್ಲಿ ಬಿದ್ದಿತ್ತು, ಪ್ಲಾಸ್ಟಿಕ್ಕಿನದೂ ಒಂದಿತ್ತು, ಅದು ಆ ಬಿಸಿಗೆ ಸೊಟ್ಟಗಾಗುತ್ತೆ ಅಂತ ಬಿಟ್ಟೆ. ಪಟ್ಟಿಗಳ ಬಾಯಿ ಹಿಂದಕ್ಕೆ ತಿರುಗಿರ್ಬೇಕು. ಬಾನೆಟ್ ಎತ್ತಿ ಕೆಳಗಿಂದ ನೋಡಿದ್ರೆ ಪಕ್ಕೆಲುಬಿನ ಹಾಗೆ ತಗಡಿನ ಹುರಿಗಳು ಕಾಣ್ತವೆ, ಅಪಘಾತದಲ್ಲಿ ಬಾನೆಟ್ ಗಾಜಿಗೆ ನುಗ್ಗದೆ ಮಡಚ್ಕೊಳ್ಳೋದು ಅವುಗಳ ಲೆಕ್ಕದ ಮೇಲೇ, ಅದನ್ನ ಮುಟ್ಟಬಾರದು. ಎರಡು ಪಕ್ಕೆಲುಬಿನ ನಡುವೆ ಸಿಕ್ಕಷ್ಟೇ ನಮ್ಮ ಭಾಗ್ಯ. ರಟ್ಟಿನ ಅಳತೆ ಇಟ್ಟು, ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಎಂಜಿನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ, ನಾಕು ಮೂಲೆಗೂ ದುಂಡಗೆ ತೂತು ಹಾಕಿದೆ, ಚೂಪು ಮೂಲೆ ಬಿಟ್ರೆ ಅಲ್ಲಿಂದಲೇ ತಗಡು ಸೀಳುತ್ತೆ. ಇಷ್ಟೆಲ್ಲ ಆದ್ಮೇಲೂ ಬ್ಲೇಡ್ ಇಟ್ಟು ಎರಡು ಸಲ ಟೀ ಕುಡಿದು ಬಂದೆ. ಜಿಗ್‌ಸಾ ಒತ್ತಿದ ಕೂಡಲೇ ಇಡೀ ಬಾನೆಟ್ ತಮಟೆ ಥರ ಗರ್ರ್ ಅಂತ ಅದುರಿ, ಹಲ್ಲೆಲ್ಲ ಜುಮ್ ಅಂದ್ವು. ಒಂದು ಇಂಚು ಕೊಯ್ದ ಮೇಲೆ ಭಯ ಎಲ್ಲಿ ಹೋಯ್ತೋ, ವಾಪಸ್ ಹೋಗೋಕೆ ದಾರಿನೇ ಇರ್ಲಿಲ್ವಲ್ಲ.

ಕೊಯ್ದ ಅಂಚಿಗೆ ಅರ ಉಜ್ಜಿ, ತುಕ್ಕು ನಿರೋಧಕ ಪ್ರೈಮರ್ ಎರಡು ಸಲ ಬಳಿದು, ಉಕ್ಕೂ ಅಲ್ಯೂಮಿನಿಯಮ್ಮೂ ನೇರ ಮುಟ್ಟಿದ್ರೆ ನೀರು ತಾಗಿದಾಗ ಅಲ್ಯೂಮಿನಿಯಂ ಸವೆದು ಹೋಗುತ್ತೆ ಅಂತ ನಡುವೆ ಸೀಲೆಂಟ್ ಹಾಕಿ ರಿವಿಟ್ ಹೊಡೆದೆ. ಕೆಲಸ ಅದ್ಭುತವಾಗಿ ಬಂತು ಅನ್ಕೊಂಡು ಮಲಗಿ ಬೆಳಿಗ್ಗೆ ಎದ್ದು ನೋಡಿದ್ರೆ ಬಾನೆಟ್ ತುಂಬ ಕಂದು ಚುಕ್ಕೆ, ಸಿಡುಬು ಎದ್ದ ಹಾಗೆ. ಕೊಯ್ದಾಗ ಹಾರಿದ ಕಬ್ಬಿಣದ ಪುಡಿ ಪೇಂಟಿಗೆ ಅಂಟ್ಕೊಂಡು, ರಾತ್ರಿ ಇಬ್ಬನಿಗೆ ತುಕ್ಕು ಹಿಡಿದಿತ್ತು. ಇಡೀ ದಿನ ಪೇಂಟಿನ ಕೊಳೆ ಎಳೆಯೋ ಮೆತ್ತನೆ ಜೇಡಿಯಂಥ ಕ್ಲೇ ಹಾಕಿ ತಿಕ್ಕಿ ತಿಕ್ಕಿ ತೆಗೆದೆ. ತಗಡು ಕೊಯ್ದವರು ಪುಡಿಯನ್ನ ಅವತ್ತೇ ತೊಳೀಬೇಕು ಅಂತ ಯಾರೂ ಹೇಳಿರ್ಲಿಲ್ಲ.

ಫಲ ಏನು ಅಂತೀರಾ? ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಒಂದು ಕೂದಲೂ ಅಲ್ಲಾಡ್ಲಿಲ್ಲ. ಅಲ್ಲಾಡಬಾರದು ಕೂಡ, ಕೂಲೆಂಟ್ ಎಷ್ಟು ಬಿಸಿ ಇರ್ಬೇಕು ಅಂತ ನೋಡ್ಕೊಳ್ಳೋದು ಥರ್ಮೋಸ್ಟ್ಯಾಟ್, ನನ್ನ ಗವಾಕ್ಷಿ ಅಲ್ಲ. ಆದ್ರೆ ಸಿಗ್ನಲಲ್ಲಿ ನಿಂತಾಗ ಬಾನೆಟ್ ಮೇಲೆ ರಸ್ತೆ ನೀರೊಳಗಿದ್ದ ಹಾಗೆ ತೇಲಾಡೋದು ಕಾಣುತ್ತೆ, ಮನೆಗೆ ಬಂದು ಬಾನೆಟ್ ಎತ್ತಿದ್ರೆ ಆ ರಪ್ ಅನ್ನೋ ಏಟು ಈಗಿಲ್ಲ.

ಮಳೆ ಬಂದ್ರೆ ಮಾತ್ರ ಬೇರೆ ಕಥೆ. ನೀರು ಆಲ್ಟರ್ನೇಟರ್, ಕಾಯಿಲ್ ಮೇಲೆ ಬೀಳದೇ ಇರ್ಲಿ ಅಂತ ಕೆಳಗೊಂದು ತಗಡಿನ ತಟ್ಟೆ ಕಟ್ಟಿ, ಪೈಪ್ ಮೂಲಕ ಪಕ್ಕಕ್ಕೆ ಬಿಟ್ಟಿದೀನಿ, ಆದ್ರೂ ನಾಕು ಹನಿ ತಪ್ಪಿಸ್ಕೊಂಡು ಎಕ್ಸಾಸ್ಟ್ ಮೇಲೆ ಬಿದ್ದು ಚುಂಯ್ ಅಂದು ಬೆಳ್ಳಗೆ ಹಬೆ ಏಳುತ್ತೆ. ಪಕ್ಕದಲ್ಲಿ ನಿಂತ ಬೈಕಿನವರು ಗಾಬರಿಯಾಗಿ ಗಾಜು ತಟ್ಟಿ, "ಸಾರ್, ಹೊಗೆ! ಹೊಗೆ!" ಅಂತಾರೆ. ಮೊದಮೊದಲು ಇಡೀ ಪುರಾಣ ಬಿಡಿಸಿ ಹೇಳ್ತಿದ್ದೆ. ಈಗ "ಹೌದಾ ಸಾರ್, ನೋಡ್ತೀನಿ, ಥ್ಯಾಂಕ್ಸ್" ಅಂದು ಸುಮ್ನಾಗ್ತೀನಿ. ಇನ್ನು ಇಂಥ ಬದಲಾವಣೆಗೆ ನಿಮ್ಮಲ್ಲಿ ಕಾನೂನು, ಇನ್ಶೂರೆನ್ಸ್ ಏನನ್ನುತ್ತೆ ಅಂತ ಕೊಯ್ಯೋಕೆ ಮುಂಚೆ ಕೇಳ್ಕೊಳ್ಳಿ, ನಾನು ಕೇಳಿದ್ದೂ ಮುಂಚೆನೇ.

ಕೊಯ್ದು ತೆಗೆದ ತಗಡಿನ ತುಂಡು ಇನ್ನೂ ಇದೆ. ಯಾವತ್ತಾದ್ರೂ ವಾಪಸ್ ಬೆಸುಗೆ ಹಾಕ್ಸೋಕೆ ಬೇಕಾಗುತ್ತೆ ಅಂತ ಪೇಪರಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೆ. ಮೊನ್ನೆ ಬಿಚ್ಚಿ ಬಾನೆಟ್ ಪಕ್ಕ ಹಿಡಿದು ನೋಡಿದೆ. ಬಿಸಿಲು ಕಾಣದ ತುಂಡು ಕೆಂಪಗೆ ಹೊಸದಾಗೇ ಇದೆ, ಬಾನೆಟ್ ಮಾತ್ರ ಬಣ್ಣ ಕಳ್ಕೊಂಡು ಇಟ್ಟಿಗೆ ಥರ ಆಗಿದೆ. ಎರಡೂ ಒಂದೇ ಕಾರಿಂದು ಅಂದ್ರೆ ಯಾರೂ ನಂಬಲ್ಲ. ಮತ್ತೆ ಸುತ್ತಿ ಅಲ್ಲೇ ಇಟ್ಟೆ.