ತಂದೆಯ ಉದ್ಯೋಗ

ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಭಾನುವಾರ ಬಯೋಡೇಟಾ ತುಂಬಲು ಕೂತವರು ‘ತಂದೆಯ ಉದ್ಯೋಗ’ ಎಂಬಲ್ಲಿಗೆ ಬಂದು, ಎರಡು ಸುತ್ತು ಕಾಫಿಯಾದರೂ ಮುಂದಕ್ಕೆ ಹೋಗಲಿಲ್ಲ.

ಭಾವ ಮಾಡುವುದಿಷ್ಟೇ. ಸರ್ಜಾಪುರ ರಸ್ತೆಯಲ್ಲೋ ದೇವನಹಳ್ಳಿ ಕಡೆಯೋ ಪಾಯ ತೋಡುವ ಹೊತ್ತಿಗೇ ಒಂದು ಫ್ಲ್ಯಾಟ್ ಬುಕ್ ಮಾಡಿ, ಅಗ್ರಿಮೆಂಟ್ ಮಾಡಿಸಿಕೊಂಡು, ಆಮೇಲೆ ಬಿಲ್ಡರಿಗೆ ಟ್ರಾನ್ಸ್‌ಫರ್ ಫೀ ಬಿಸಾಕಿ ಅದನ್ನು ಇನ್ನೊಬ್ಬರಿಗೆ ದಾಟಿಸುವುದು. ದೋಸೆಯನ್ನಾದರೂ ಒಂದು ಮೈ ಬೆಂದ ಮೇಲೆ ಮಗುಚುತ್ತಾರೆ. ಇವರು ಅಕ್ಕಿ ನೆನೆಸಿದಾಗಲೇ ಮಗುಚುತ್ತಾರೆ. ಕಳೆದ ಸಲ ಮಾರಿದ ಹದಿನಾಲ್ಕನೇ ಮಹಡಿಯ ಮನೆ ಇದ್ದ ಜಾಗದಲ್ಲಿ ಆಗಿನ್ನೂ ಹದ್ದು ಹಾರುತ್ತಿತ್ತು. ಆದರೂ ಪೂರ್ವಕ್ಕೆ ಬಾಗಿಲು ಅಂತ ಚದರಡಿಗೆ ಇಷ್ಟು ಎಂದು ಹೆಚ್ಚಿಗೆ ವಸೂಲು ಮಾಡಿದರು.

‘ರಿಯಲ್ ಎಸ್ಟೇಟ್ ಅಂತ ಬರೀಲಾ?’ ಎಂದೆ.

‘ಬೇಡ ಕಣೋ, ಗಂಡಿನ ಕಡೆಯವರು ಬಂದ ತಕ್ಷಣ ಇವರ ಕೊರಳಲ್ಲಿ ಚಿನ್ನದ ಸರ ಹುಡುಕ್ತಾರೆ’ ಎಂದಳು ಅಕ್ಕ.

‘ಬ್ರೋಕರ್?’ ಎಂದಿದ್ದಕ್ಕೆ ಭಾವನಿಗೆ ಕೋಪ ಬಂತು. ‘ಬ್ರೋಕರ್ ಊರವರ ಆಸ್ತಿ ಮಾರ್ತಾನೆ. ನಾನು ಮಾರೋದು ನನ್ನದು.’ ನನ್ನದು ಎಂದರೆ, ಇನ್ನೂ ನೋಂದಣಿಯಾಗದ್ದು.

ನ್ಯೂಜೆರ್ಸಿಯ ಚಿಕ್ಕಪ್ಪನ ಮಗ ವಿಡಿಯೋ ಕಾಲಿನಲ್ಲಿದ್ದ. ಅಲ್ಲಿ ಹರಕುಮುರುಕು ಮನೆ ಕೊಂಡು, ಹಳೇ ಅಡುಗೆಮನೆ ಕಿತ್ತು ಹೊಸದು ಕೂರಿಸಿ, ಬಣ್ಣ ಬಳಿದು ಮಾರುವವರಿದ್ದಾರಂತೆ. ಅವರನ್ನು ಟೀವಿಯಲ್ಲೂ ತೋರಿಸುತ್ತಾರಂತೆ. ‘ನೀವು ರಿಪೇರಿ ಏನು ಮಾಡಿಸ್ತೀರಿ ಭಾವ?’

‘ರೇಟು’ ಎಂದರು ಭಾವ.

ನಮ್ಮಲ್ಲಿ ಇದಕ್ಕೊಂದು ಪರಂಪರೆಯೂ ಉಂಟು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸೈಟು ಕೊಡುವಾಗ ಹತ್ತು ವರ್ಷ ಮಾರಕೂಡದೆಂದು ಲೀಸ್ ಕಂ ಸೇಲ್ ಪತ್ರ ಬರೆಸಿಕೊಂಡರೆ, ಜನ ಜಿಪಿಎ, ಅಂದರೆ ‘ನನ್ನ ಪರವಾಗಿ ನೀನೇ ವ್ಯವಹರಿಸು’ ಎಂಬ ಅಧಿಕಾರಪತ್ರ, ಬರೆದುಕೊಟ್ಟು ಕೈ ತೊಳೆದುಕೊಂಡರು. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ; ಅಷ್ಟರಲ್ಲಿ ಎಷ್ಟೋ ಸೈಟುಗಳು ಮಾಲೀಕನಿಲ್ಲದೆ ನಾಲ್ಕು ಕೈ ದಾಟಿದ್ದವು. ಹಾಗೆ ದಾಟಿಸಿದವರು ನಮ್ಮವರಾದರೆ ಪಾಪ, ಕಷ್ಟಕ್ಕೆ ಮಾರಿದ್ದು. ಎದುರುಮನೆಯವರಾದರೆ ಭೂಮಾಫಿಯಾ.

ಕೊನೆಗೆ ಆಡಿಟರಿಗೆ ಫೋನು ಹೋಯಿತು. 24 ತಿಂಗಳು ದಾಟಿಸಿ ಮಾರಿದರೆ ದೀರ್ಘಾವಧಿ ಲಾಭ, 12.5 ಪರ್ಸೆಂಟ್ ತೆರಿಗೆ, ಮರ್ಯಾದಸ್ಥ ಹೂಡಿಕೆದಾರ ಎನಿಸಿಕೊಳ್ಳಬಹುದು ಎಂದರು. ಭಾವನ ದಾಖಲೆ ಏಳು ತಿಂಗಳು. ‘ಹಾಗಿದ್ರೆ ಇಲಾಖೆ ವ್ಯಾಪಾರ ಅನ್ನಬಹುದು. ಮಾರೋ ಉದ್ದೇಶದಿಂದಲೇ ಕೊಂಡಿದ್ರೆ ಒಂದೇ ಸಲ ಆದರೂ ಸಾಕು. ಆದಾಯ ತೆರಿಗೆ ಕಾಯ್ದೆ ಓದಿ, ವ್ಯಾಪಾರ ಅಂದ್ರೆ ವ್ಯಾಪಾರದ ಸ್ವರೂಪದ ಸಾಹಸವೂ ಸೇರುತ್ತೆ.’

ಭಾವ ಎದೆ ಉಬ್ಬಿಸಿ ಕೂತರು. ಜೀವನದಲ್ಲಿ ಮೊದಲ ಸಲ ಸರ್ಕಾರ ಅವರನ್ನು ಸಾಹಸಿ ಎಂದಿತ್ತು. ‘ಅದನ್ನೇ ಬರಿ.’

‘ತಂದೆಯ ಉದ್ಯೋಗ: ಸಾಹಸ’ ಎಂದು ಬರೆದೆ. ಹುಡುಗಿ ಅದನ್ನು ನೋಡಿ ಒಳಗೆ ಎದ್ದು ಹೋದಳು.

ಮುಂದಿನ ಸಾಲು ‘ಸ್ವಂತ ಮನೆ: ಇದೆ / ಇಲ್ಲ’. ಹದಿನೆಂಟು ವರ್ಷದಿಂದ ಬಾಡಿಗೆ ಮನೆಯ ಒಲೆ ಒರೆಸುತ್ತಿರುವ ಅಕ್ಕ ಗಂಡನ ಮುಖ ನೋಡಿದಳು. ‘ಏನು ಬರೆಸ್ಲಿ ರೀ?’

ಭಾವ ಗಡಿಯಾರ ನೋಡಿದರು. ‘ಇದೆ ಅಂತಲೇ ಬರೆಸು. ಪಾರ್ಟಿ ಬರೋದು ಐದೂವರೆಗೆ.’